ಮೇಲೂರ ಹಣ್ಣು

 

ಈ ವರ್ಷದ ಪಾಠ ಒಂದು ತಪ್ಪಿನಿಂದ ಶುರುವಾಗುತ್ತೆ. ತಪ್ಪು ನಿಮ್ಮದಲ್ಲ, ನನ್ನದು.

ಎರಡನೇ ಟರ್ಮ್‌ನಲ್ಲಿ ‘ನನಗೆ ಇಷ್ಟವಾದ ಹಣ್ಣು’ ಎಂಬ ವಿಷಯದ ಮೇಲೆ ಹತ್ತು ಸಾಲು ಬರೆದುಕೊಂಡು ಬನ್ನಿ ಎಂದು ಹೇಳಿದ್ದೆ. ನೆನಪಿದೆಯಾ? ಒಟ್ಟು ಹದಿನಾಲ್ಕು ಪುಸ್ತಕ ಬಂದವು. ಹನ್ನೊಂದರಲ್ಲಿ ಮಾವು, ಎರಡರಲ್ಲಿ ಬಾಳೆ. ಉಳಿದ ಒಂದು ಪುಸ್ತಕದಲ್ಲಿ ಒಂದೇ ಸಾಲು ಇತ್ತು: ‘ನನಗೆ ಮೈಲೂರುನ್ ಹಣ್ಣು ಇಷ್ಟ.’ ಅದರ ಕೆಳಗೆ ಪುಟವೆಲ್ಲ ಖಾಲಿ.

ನಾನು ಕೆಂಪು ಪೆನ್ನು ತೆಗೆದು ‘ಇದು ನಿಜವಾದ ಹಣ್ಣಲ್ಲ, ಮಾವಿನ ಬಗ್ಗೆ ಬರೆ’ ಅಂತ ಬರೆದುಬಿಟ್ಟೆ. ಮುಂದಿನ ಶನಿವಾರ ಆ ಹುಡುಗ ಹತ್ತು ಸಾಲು ಬರೆದುಕೊಂಡು ಬಂದ. ‘ಮಾವು ಹಣ್ಣುಗಳ ರಾಜ. ಮಾವು ಹಳದಿ ಬಣ್ಣ. ಮಾವು ಸಿಹಿ.’ ಉಳಿದ ಹನ್ನೊಂದು ಜನ ಬರೆದದ್ದೂ ಅದೇ. ಒಂದು ತಪ್ಪೂ ಇರಲಿಲ್ಲ. ನಾನು ನಗುಮುಖದ ಸ್ಟಿಕ್ಕರ್ ಕೂಡ ಅಂಟಿಸಿದೆ.

ಕೆಲವು ವಾರದ ಮೇಲೆ ಅವನನ್ನು ಕರೆದುಕೊಂಡು ಹೋಗೋಕೆ ಬಂದ ಅವರಮ್ಮ ನನ್ನ ಹತ್ತಿರ ಒಂದು ಮಾತು ಹೇಳಿದರು. ಮನೆಯಲ್ಲಿ ಅವನು ತಂಗಿಗೆ ಆ ಹಣ್ಣಿನ ಕಥೆಯನ್ನು ಅರ್ಧ ಗಂಟೆ ಇಂಗ್ಲಿಷ್‌ನಲ್ಲಿ ಹೇಳಿದನಂತೆ. ‘ಅಜ್ಜಿಗೂ ಹೇಳೋ, ಫೋನಲ್ಲಿದಾರೆ’ ಅಂದರೆ ‘ಇಲ್ಲಮ್ಮ, ಇದೆಲ್ಲ ಕನ್ನಡದಲ್ಲಿ ಬರಲ್ಲ’ ಅಂದನಂತೆ.

ಕಾರ್ ಪಾರ್ಕಿಂಗ್‌ನಲ್ಲಿ ನಿಂತು ನಾನು ಯೋಚಿಸಿದೆ. ಅವನಿಗೆ ಆ ಮಾತನ್ನು ಕಲಿಸಿದ್ದು ಯಾರು? ನನ್ನ ಕೆಂಪು ಪೆನ್ನೇ. ಮಾವಿಗೆ ಕನ್ನಡ, ಅಜ್ಜಿ ಊರಿಗೆ ಕನ್ನಡ, ಹಬ್ಬಕ್ಕೆ ಕನ್ನಡ. ನಿನಗೆ ನಿಜವಾಗಿ ಇಷ್ಟವಾದದ್ದಕ್ಕೆ ಮಾತ್ರ ಬೇರೆ ಭಾಷೆ. ಹೀಗಂತ ನಾನೇ ಹೇಳಿದ ಹಾಗಾಯಿತು.

ಅದಕ್ಕೇ ಈ ಪಾಠ. ಇವತ್ತು ನಾವು ಎಲ್ಲೂ ಬೆಳೆಯದ ಒಂದು ಹಣ್ಣಿಗೆ ಕನ್ನಡದಲ್ಲಿ ಹೆಸರಿಟ್ಟು, ಅದನ್ನು ಸುಲಿದು, ಹೆಚ್ಚಿ, ರುಚಿ ನೋಡೋಣ.

1. ಹಣ್ಣಿನ ಕಥೆ

‘ಸ್ಟಾರ್ ವಾರ್ಸ್ ರೆಬೆಲ್ಸ್’ ಎಂಬ ಕಾರ್ಟೂನ್ ಸರಣಿ 2014ರಲ್ಲಿ ಶುರುವಾಯಿತು. ಅದರಲ್ಲಿ ‘ಘೋಸ್ಟ್’ ಎಂಬ ಒಂದು ಅಂತರಿಕ್ಷ ನೌಕೆ. ಘೋಸ್ಟ್ ಅಂದ್ರೆ ದೆವ್ವ! ಅದನ್ನು ನಡೆಸುವವಳು ಹೇರಾ. ಒಳಗೆ ನಾಲ್ಕೈದು ಜನ, ಒಂದು ತರಲೆ ರೋಬೋಟ್. ಯಾರೂ ಯಾರಿಗೂ ರಕ್ತ ಸಂಬಂಧಿಗಳಲ್ಲ, ಆದರೂ ಒಂದು ಮನೆಯವರಂತೆ ಇರುತ್ತಾರೆ. ಎಲ್ಲ ಮನೆಗಳಂತೆ ಜಗಳವನ್ನೂ ಆಡುತ್ತಾರೆ.

ಎಜ್ರಾ ಎಂಬ ಹುಡುಗ ಮತ್ತು ಜೆಬ್ ಎಂಬ ದೊಡ್ಡ ಆಳು ಒಂದೇ ಕೋಣೆಯಲ್ಲಿ ಮಲಗಬೇಕು. ಇಬ್ಬರಿಗೂ ಆಗಿಬರೋದಿಲ್ಲ. ಒಂದು ದಿನ ಇವರ ಗಲಾಟೆ ತಡೆಯಲಾರದೆ ಹೇರಾ ಇಬ್ಬರ ಕೈಗೂ ಸಾಮಾನಿನ ಪಟ್ಟಿ ಕೊಟ್ಟು ಪೇಟೆಗೆ ಕಳಿಸುತ್ತಾಳೆ. ಪಟ್ಟಿಯಲ್ಲಿ ಒಂದು ಮೈಲೂರುನ್ ಹಣ್ಣೂ ಇದೆ. ಅದಿಲ್ಲದೆ ವಾಪಸ್ ಬರಬೇಡಿ ಎಂದು ತಾಕೀತು ಮಾಡುತ್ತಾಳೆ.

ಇಲ್ಲೊಂದು ಗುಟ್ಟಿದೆ. ಅವರು ಇಳಿದಿದ್ದ ಗ್ರಹದ ಹೆಸರು ಲೋಥಾಲ್. (ಗುಜರಾತಿನಲ್ಲಿ ಸಿಂಧೂ ನಾಗರಿಕತೆಯ ಲೋಥಲ್ ಎಂಬ ಊರಿದೆಯಲ್ಲ, ಅದು ಬೇರೆ, ಇದು ಬೇರೆ.) ಲೋಥಾಲ್‌ನಲ್ಲಿ ಮೈಲೂರುನ್ ಬೆಳೆಯುವುದೇ ಇಲ್ಲ! ಹೇರಾಗೆ ಅದು ಗೊತ್ತು. ಮನೆಯಲ್ಲಿ ಸ್ವಲ್ಪ ಹೊತ್ತು ಶಾಂತಿ ಇರಲಿ ಅಂತ ಬೇಕೆಂದೇ ಪಟ್ಟಿಗೆ ಸೇರಿಸಿದ್ದಾಳೆ. ನಿಮ್ಮ ಅಮ್ಮ ಅಪ್ಪ ಹೀಗೆ ಮಾಡಿದ್ದಾರಾ? ಅವರನ್ನೇ ಕೇಳಿ.

ಇಬ್ಬರೂ ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಕಣ್ಣಿಗೆ ಬಿದ್ದ ಹಣ್ಣೂ ಸಾಮ್ರಾಜ್ಯದ ಸೈನಿಕರ ಪಾಲಾಗಿದೆ. ಸಾಮ್ರಾಜ್ಯ ಎಂದರೆ ಆ ಕಥೆಯಲ್ಲಿ ಎಲ್ಲ ಗ್ರಹಗಳನ್ನೂ ಹಿಡಿತದಲ್ಲಿ ಇಟ್ಟುಕೊಂಡ ಕ್ರೂರ ಸರ್ಕಾರ. ಹಣ್ಣಿಗೆ ಕೈ ಹಾಕಲು ಹೋಗಿ ಗಲಾಟೆಯಾಗುತ್ತೆ. ಓಡಿ ತಪ್ಪಿಸಿಕೊಳ್ಳುವ ಭರದಲ್ಲಿ ಸೈನಿಕರ ಒಂದು ಯುದ್ಧ ವಿಮಾನವನ್ನೇ ಹಾರಿಸಿಕೊಂಡು ಹೋಗುತ್ತಾರೆ. ದಾರಿಯಲ್ಲಿ ಕೆಳಗೆ ನೋಡಿದರೆ ಹೊಗೆ. ಎಜ್ರಾಗೆ ಗೊತ್ತಿದ್ದ ಒಬ್ಬ ರೈತ ಜಮೀನು ಮಾರಲು ಒಪ್ಪದಿದ್ದಕ್ಕೆ, ಸೈನಿಕರು ಅವನ ಹೊಲಕ್ಕೆ ಬೆಂಕಿ ಹಚ್ಚಿ ಮನೆಯವರನ್ನು ಹಿಡಿದುಕೊಂಡು ಹೋಗುತ್ತಿದ್ದಾರೆ. ಬೆಳಗ್ಗೆ ಜಗಳ ಆಡಿದ್ದ ಎಜ್ರಾ ಮತ್ತು ಜೆಬ್ ಒಟ್ಟಾಗಿ ಅವರನ್ನು ಬಿಡಿಸುತ್ತಾರೆ. ಸಂಜೆ ಮನೆಗೆ ಬಂದಾಗ ಎಜ್ರಾ ಕೈಯಲ್ಲಿ ಒಂದು ಮೈಲೂರುನ್!

ಗಮನಿಸಿ: ಇಡೀ ಕಥೆಯಲ್ಲಿ ಯಾರೂ ಆ ಹಣ್ಣಿನ ರುಚಿ ಹೇಗಿದೆ ಎಂದು ಕೂತು ವಿವರಿಸುವುದಿಲ್ಲ. ಆದರೂ ನಮಗೆ ಅದು ಬೇಕು ಅನ್ನಿಸುತ್ತೆ. ಯಾಕೆ? ಅದು ಸುಲಭವಾಗಿ ಸಿಗಲ್ಲ, ಅದಕ್ಕೆ. ಇನ್ನೊಂದು ಕಾರಣ, ಅದನ್ನು ತರೋಕೆ ಹೇಳಿದ್ದು ಮನೆಯವರು.

2. ಇಲ್ಲದ ಹಣ್ಣನ್ನು ಹೇಗೆ ಮಾಡುತ್ತಾರೆ?

ಕಾರ್ಟೂನಿನಲ್ಲಾದರೆ ಹಣ್ಣನ್ನು ಬರೆದರೆ ಆಯಿತು. ಮನುಷ್ಯರು ನಟಿಸುವ ಸಿನಿಮಾದಲ್ಲಿ, ಬರೀ ಪುಸ್ತಕದಲ್ಲಿ ಏನು ಮಾಡುತ್ತಾರೆ? ಮೂರು ಉದಾಹರಣೆ ನೋಡೋಣ.

ಮೊದಲನೆಯದು: ಗೊತ್ತಿರುವ ಹಣ್ಣಿಗೆ ಹೊಸ ಕೆಲಸ. 2002ರಲ್ಲಿ ಬಂದ ಸ್ಟಾರ್ ವಾರ್ಸ್ ಸಿನಿಮಾ ‘ಅಟ್ಯಾಕ್ ಆಫ್ ದಿ ಕ್ಲೋನ್ಸ್’ನಲ್ಲಿ ಊಟದ ಮೇಜಿನ ಮೇಲೆ ಅನಾಕಿನ್ ಕೈ ಮುಟ್ಟಿಸದೆ, ತನ್ನ ಶಕ್ತಿಯಿಂದಲೇ ಒಂದು ಹಣ್ಣನ್ನು ಗಾಳಿಯಲ್ಲಿ ತೇಲಿಸುತ್ತಾನೆ. ನೋಡೋಕೆ ನಮ್ಮ ಪೇರ್ ಹಣ್ಣಿನ ಹಾಗೇ ಇದೆ. ಆಮೇಲೆ ಬಂದ ಬರಹಗಳಲ್ಲಿ ಅದಕ್ಕೆ ‘ಶೂರಾ’ ಎಂದು ಹೆಸರು. ಕನ್ನಡದಲ್ಲಿ ಶೂರ ಅಂದ್ರೆ ಯಾರು? ಹೌದು, ಧೈರ್ಯವಂತ! ಹಣ್ಣು ಬದಲಾಗಲಿಲ್ಲ, ಹಾರಿತು ಅಷ್ಟೇ. ಅಷ್ಟಕ್ಕೇ ಅದು ಬೇರೆ ಲೋಕದ್ದಾಯಿತು.

ಎರಡನೆಯದು: ನಮ್ಮ ಲೋಕದ್ದೇ ವಿಚಿತ್ರ ಹಣ್ಣು. ‘ಸ್ಟಾರ್ ಟ್ರೆಕ್: ಡೀಪ್ ಸ್ಪೇಸ್ ನೈನ್’ ಸರಣಿಯ 1998ರ ಒಂದು ಕಂತಿನಲ್ಲಿ ‘ಗೋಲಾನಾ ಕರಬೂಜ’ ಬರುತ್ತೆ. ಅದು ಗೋಲಾನಾ ಎಂಬ ಗ್ರಹದ ಹಣ್ಣು. ಮಾಲಿ ಎಂಬ ಎಂಟು ವರ್ಷದ ಹುಡುಗಿ ಅಲ್ಲಿಗೆ ಪಿಕ್‌ನಿಕ್ ಹೋದಾಗ ಕಾಲದ ಬಾಗಿಲೊಂದರೊಳಗೆ ಬಿದ್ದು ಹಿಂದಿನ ಕಾಲಕ್ಕೆ ಹೋಗಿಬಿಡುತ್ತಾಳೆ. ಹೊರಗೆ ತರುವಷ್ಟರಲ್ಲಿ ಅವಳಿಗೆ ಹದಿನೆಂಟು ವರ್ಷ! ಹತ್ತು ವರ್ಷ ಒಂಟಿಯಾಗಿ ಬೆಳೆದವಳಿಗೆ ಮಾತೇ ಮರೆತುಹೋದ ಹಾಗಾಗಿದೆ. ಅಪ್ಪ ಅಮ್ಮ ಬೇಸರಪಡದೆ, ಸ್ವಲ್ಪ ಸ್ವಲ್ಪವಾಗಿ ಅವಳನ್ನು ಮತ್ತೆ ಹತ್ತಿರ ತಂದುಕೊಳ್ಳುತ್ತಾರೆ. ಮೈತುಂಬ ಕೊಂಬಿರುವ ಆ ಕಿತ್ತಳೆ ಬಣ್ಣದ ಹಣ್ಣನ್ನು ಸ್ಟುಡಿಯೋದಲ್ಲಿ ಮಾಡಿದ್ದಲ್ಲ. ಅದು ನಿಜವಾದ ಕಿವಾನೊ.

ಕಿವಾನೊ ಆಫ್ರಿಕಾ ಮೂಲದ್ದು. ಇಲ್ಲಿ ಮೆಲ್ಬರ್ನ್‌ನ ಅಂಗಡಿಗಳಲ್ಲೂ ಒಮ್ಮೊಮ್ಮೆ ಸಿಗುತ್ತೆ. ಕತ್ತರಿಸಿದರೆ ಒಳಗೆ ಹಸಿರು ಲೋಳೆ, ತುಂಬ ಬೀಜ. ಸಸ್ಯಶಾಸ್ತ್ರದ ಪ್ರಕಾರ ಸೌತೆಕಾಯಿ, ಕರಬೂಜ, ಕಿವಾನೊ ಮೂರೂ ‘ಕುಕುಮಿಸ್’ ಎಂಬ ಒಂದೇ ಕುಲಕ್ಕೆ ಸೇರಿದವು. ಅಂದರೆ ಟಿವಿಯಲ್ಲಿ ಬೇರೆ ಗ್ರಹದಿಂದ ಬಂದ ಹಣ್ಣು, ನಿಮ್ಮ ಮನೆಯ ಕೋಸಂಬರಿಯಲ್ಲಿರುವ ಸೌತೆಕಾಯಿಯ ಚಿಕ್ಕಪ್ಪನ ಮಗ!

ಮೂರನೆಯದು: ಬರೀ ಮಾತಿನಿಂದ. ನಾರ್ನಿಯಾ ಕಥೆಗಳನ್ನು ಬರೆದ ಸಿ. ಎಸ್. ಲೂಯಿಸ್ 1943ರಲ್ಲಿ ದೊಡ್ಡವರಿಗಾಗಿ ‘ಪೆರೆಲಾಂಡ್ರಾ’ ಎಂಬ ಕಾದಂಬರಿ ಬರೆದರು. ಅದು ಶುಕ್ರ ಗ್ರಹದ ಕಥೆ. ಶುಕ್ರದ ನೆಲ ಸುಮಾರು 460 ಡಿಗ್ರಿ ಸೆಲ್ಸಿಯಸ್ ಬಿಸಿ, ಅಲ್ಲಿ ಹುಲ್ಲೂ ಹುಟ್ಟಲ್ಲ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಲೂಯಿಸ್ ಅಲ್ಲಿ ತೇಲುವ ದ್ವೀಪಗಳನ್ನೂ, ಮರದ ಮೇಲೆ ತೂಗುವ ಹಳದಿ ಗೋಳದಂಥ ಹಣ್ಣುಗಳನ್ನೂ ಕಲ್ಪಿಸಿಕೊಂಡರು. ರಾನ್ಸಮ್ ಎಂಬಾತ ಅದರ ರಸ ಕುಡಿಯುತ್ತಾನೆ. ಭೂಮಿಯ ಯಾವ ರುಚಿಗೂ ಅದನ್ನು ಹೋಲಿಸಲು ಅವನಿಗೆ ಆಗುವುದಿಲ್ಲ. ಇನ್ನೊಂದು ಕೀಳಲು ಕೈ ಎತ್ತುತ್ತಾನೆ. ಆಗ ಅನ್ನಿಸುತ್ತೆ: ಹಸಿವಿಲ್ಲ, ಬಾಯಾರಿಕೆ ಇಲ್ಲ, ಇನ್ನೊಂದು ಯಾಕೆ? ಕೈ ಹಿಂದೆ ತೆಗೆದುಕೊಳ್ಳುತ್ತಾನೆ. ‘ಇಷ್ಟು ಸಾಕು’ ಅನ್ನಿಸುವುದೇ ಆ ಹಣ್ಣಿನ ವಿಶೇಷ. ಚಿಪ್ಸ್ ಪ್ಯಾಕೆಟ್ ತೆರೆದಾಗ ನಮಗೆ ಯಾಕೆ ಹಾಗೆ ಅನ್ನಿಸಲ್ಲ ಅಂತ ಯೋಚಿಸಿ.

ಈ ಮೂರರಲ್ಲೂ ಒಂದು ಸಮಾನ ಅಂಶವಿದೆ. ಹೊಸ ಹಣ್ಣನ್ನು ಯಾರೂ ಏನೂ ಇಲ್ಲದ ಕಡೆಯಿಂದ ತರಲಿಲ್ಲ. ಗೊತ್ತಿದ್ದದ್ದನ್ನೇ ಹಿಡಿದುಕೊಂಡು ಗೊತ್ತಿಲ್ಲದ್ದರ ಕಡೆಗೆ ಹೋದರು. ಭಾಷೆಯೂ ಹೀಗೇ ಮಾಡುತ್ತೆ.

3. ಕನ್ನಡ ಹೊಸ ಹಣ್ಣಿಗೆ ಹೇಗೆ ಹೆಸರಿಡುತ್ತೆ?

‘ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲ ಟೀಚರ್’ ಅಂತ ನೀವು ಹೇಳಬಹುದು. ನಿಜ. ಆದರೆ ಒಂದಾನೊಂದು ಕಾಲದಲ್ಲಿ ಅನಾನಸ್‌ಗೂ ಕನ್ನಡದಲ್ಲಿ ಹೆಸರಿರಲಿಲ್ಲ. ಪಪ್ಪಾಯಿಗೂ ಇರಲಿಲ್ಲ. ಇವೆರಡೂ ಅಮೆರಿಕ ಖಂಡದಿಂದ ಸಮುದ್ರ ದಾಟಿ ಬಂದವು. ಮೊದಲ ಸಲ ಅನಾನಸ್ ನೋಡಿದ ನಮ್ಮ ಹಿರಿಯರಿಗೆ ಅದು ಬೇರೆ ಗ್ರಹದ್ದೇ ಅನ್ನಿಸಿರಬೇಕು. ತಲೆಯ ಮೇಲೆ ಜುಟ್ಟು, ಮೈತುಂಬ ಕಣ್ಣು! ಆಗ ನಮ್ಮವರು ‘ಇದು ಕನ್ನಡದಲ್ಲಿ ಬರಲ್ಲ’ ಅಂತ ಸುಮ್ಮನಿರಲಿಲ್ಲ. ಮೂರು ದಾರಿ ಹಿಡಿದರು.

ದಾರಿ ಒಂದು: ಬಂದ ಹೆಸರನ್ನೇ ನಮ್ಮ ನಾಲಿಗೆಗೆ ಒಗ್ಗಿಸಿಕೊಳ್ಳುವುದು. ‘ಅನಾನಸ್’ ದಕ್ಷಿಣ ಅಮೆರಿಕದ ಜನರ ಮಾತು. ಪೋರ್ಚುಗೀಸರ ಬಾಯಿಂದ ನಮ್ಮ ಬಾಯಿಗೆ ಬಂತು. ಬಸ್ಸು, ಕಾರು, ಪೆನ್ನು ಬಂದದ್ದೂ ಹೀಗೇ. ಕೊನೆಗೆ ಒಂದು ‘ಉ’ ಸೇರಿಸಿದ್ದೇ ತಡ, ಕನ್ನಡದ್ದಾಯಿತು.

ದಾರಿ ಎರಡು: ಎಲ್ಲಿಂದ ಬಂತು, ಯಾರು ತಂದರು ಎಂದು ಹೇಳುವುದು. ಪಪ್ಪಾಯಿಗೆ ‘ಪರಂಗಿ ಹಣ್ಣು’ ಎಂಬ ಇನ್ನೊಂದು ಹೆಸರಿದೆ. ಪರಂಗಿ ಅಂದರೆ ಯೂರೋಪಿನವರು. ‘ಸೀಮೆ’ ಎಂಬ ಮಾತೂ ಇಂಥದ್ದೇ. ಸೀಮೆಬದನೆಕಾಯಿ, ಸೀಮೆಹುಣಸೆ, ಸೀಮೆಎಣ್ಣೆ, ಸೀಮೆಸುಣ್ಣ. ಬೇರೆ ಸೀಮೆಯಿಂದ ಬಂದ ವಸ್ತುವಿಗೆ ಅಂಟಿಸುವ ಚೀಟಿ ಇದು.

ದಾರಿ ಮೂರು: ನಮ್ಮಲ್ಲಿ ಇರುವುದಕ್ಕೆ ಹೋಲಿಸಿ ನೆಂಟಸ್ತಿಕೆ ಬೆಳೆಸುವುದು. ನಮ್ಮಲ್ಲಿ ಮೊದಲಿಂದ ಇದ್ದದ್ದು ಕಾಳುಮೆಣಸು. ಅಮೆರಿಕದಿಂದ ಇನ್ನೊಂದು ಖಾರದ ವಸ್ತು ಬಂದಾಗ ಅದನ್ನು ‘ಮೆಣಸಿನಕಾಯಿ’ ಅಂದರು. ಕಡಲೆಕಾಯಿಯೂ ಹೊರಗಿನಿಂದ ಬಂದದ್ದು. ನಮ್ಮ ಕಡಲೆಯ ಹೆಸರನ್ನೇ ಅದಕ್ಕೂ ಕೊಟ್ಟರು. ಈಗ ಬೆಂಗಳೂರಿನ ಬಸವನಗುಡಿಯಲ್ಲಿ ಪ್ರತಿ ವರ್ಷ ಅದರ ಹೆಸರಲ್ಲೇ ಪರಿಷೆ ನಡೆಯುತ್ತೆ. ಪರಕೀಯವಾಗಿ ಬಂದದ್ದು ಎಷ್ಟು ನಮ್ಮದಾಗಿಬಿಟ್ಟಿತು ನೋಡಿ!

ಈ ಕೆಲಸ ಹಳೆಯ ಕಾಲದಲ್ಲೇ ಮುಗಿದುಹೋಗಿಲ್ಲ. ಚೀನಾ ಮೂಲದ ಒಂದು ಹಣ್ಣಿಗೆ ನ್ಯೂಜಿಲೆಂಡ್‌ನವರು 1959ರಲ್ಲಿ ‘ಕಿವಿ’ ಎಂದು ಹೊಸ ಹೆಸರಿಟ್ಟರು, ಹೊರದೇಶದಲ್ಲಿ ಚೆನ್ನಾಗಿ ಮಾರಾಟವಾಗಲಿ ಅಂತ. (ಕನ್ನಡದಲ್ಲಿ ಕಿವಿ ಅಂದರೆ ಬೇರೆಯೇ!) ‘ಕಿವಾನೊ’ ಎಂಬ ಹೆಸರೂ ಅಲ್ಲಿನ ಬೆಳೆಗಾರರದ್ದೇ. 2021ರಲ್ಲಿ ಗುಜರಾತ್ ಸರ್ಕಾರ ಡ್ರ್ಯಾಗನ್ ಹಣ್ಣನ್ನು ‘ಕಮಲಂ’ ಎಂದು ಕರೆಯಲು ಹೊರಟಿತು. ಅದರ ಆಕಾರ ತಾವರೆಯ ಹಾಗಿದೆ ಎಂಬುದು ಕಾರಣ.

ಇಷ್ಟು ಹೇಳಿ ತರಗತಿಯಲ್ಲಿ ಮೈಲೂರುನ್ ಹೆಸರನ್ನು ಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಒಬ್ಬ ‘ಮೈಲೂರುನ್’ ಅಂತ ಓದಿದ, ಇನ್ನೊಬ್ಬಳು ‘ಮೇಲೂರುನ್’ ಅಂದಳು. ಜಗಳ ಶುರು! ಎರಡನ್ನೂ ಕನ್ನಡದಲ್ಲಿ ಬರೆಯಿರಿ ಅಂದೆ. ಆಗ ಹಿಂದಿನ ಬೆಂಚಿನಿಂದ ಒಂದು ದನಿ: ‘ಟೀಚರ್, ಇದರಲ್ಲಿ ಊರು ಇದೆ!’

ಹೌದಲ್ಲ! ಸಂಧಿ ಪಾಠ ನೆನಪು ಮಾಡಿಕೊಳ್ಳಿ.

ಮೈಲು + ಊರು = ಮೈಲೂರು
ಮೇಲು + ಊರು = ಮೇಲೂರು

ಎರಡು ಪದ ಸೇರುವಾಗ ಮೊದಲ ಪದದ ಕೊನೆಯ ‘ಉ’ ಬಿಟ್ಟುಹೋಯಿತು. ಇದು ಲೋಪಸಂಧಿ. ಹೊಸ + ಊರು = ಹೊಸೂರು ಆದಾಗ ‘ಅ’ ಬಿಟ್ಟುಹೋದ ಹಾಗೆ. ಮೈಲೂರು ಅಂದರೆ ಎಷ್ಟೋ ಮೈಲಿ ದೂರದ ಊರು. ಮೇಲೂರು ಅಂದರೆ ಮೇಲಿನ ಊರು, ಆಕಾಶದ ಊರು. ನಿಜವಾಗಿಯೂ ಶಿಡ್ಲಘಟ್ಟ ತಾಲ್ಲೂಕಿನಲ್ಲಿ ಮೇಲೂರು ಎಂಬ ಊರಿದೆ. ಆದರೆ ನಮ್ಮ ಮೇಲೂರು ಅದಕ್ಕಿಂತ ತುಂಬ ಮೇಲೆ!

ಅದು ಸರಿ, ಕೊನೆಯ ‘ನ್’ ಏನು ಮಾಡೋದು? ಒಬ್ಬ ಹುಡುಗಿ ಹೇಳಿದಳು: ‘ನಮ್ಮ ತಾತ ಹಣ್ಣು ಅನ್ನಲ್ಲ, ಅಣ್ಣು ಅಂತಾರೆ.’ ಮೇಲೂರ ಹಣ್ಣು, ಮೇಲೂರಣ್ಣು, ಮೇಲೂರುನ್! ಕೋಣೆಯೆಲ್ಲ ನಗು.

ಒಂದು ಎಚ್ಚರಿಕೆ. ಆ ಹೆಸರನ್ನು ಹುಟ್ಟಿಸಿದವರು ಕನ್ನಡ ನೋಡಿ ಹುಟ್ಟಿಸಿದ್ದಲ್ಲ. ಇದು ನಮ್ಮ ಆಟ. ಆದರೆ ಬಂದ ಮಾತಿನೊಳಗೆ ನಮ್ಮ ಮಾತು ಕೇಳಿಸಿಕೊಂಡು ಅದನ್ನು ನಮ್ಮದು ಮಾಡಿಕೊಳ್ಳುವುದು ಜನ ಎಲ್ಲ ಕಾಲದಲ್ಲೂ ಆಡಿದ ಆಟವೇ. ಅವತ್ತಿನಿಂದ ನಮ್ಮ ತರಗತಿಯಲ್ಲಿ ಅದರ ಹೆಸರು ‘ಮೇಲೂರ ಹಣ್ಣು’.

4. ಹೆಸರಾಯಿತು. ಈಗ ವಿವರ

ಹಣ್ಣನ್ನು ವಿವರಿಸೋಕೆ ಕನ್ನಡದಲ್ಲಿ ಪದ ಕಡಿಮೆಯೇನಿಲ್ಲ. ಬದಲಿಗೆ ನಾವು ಬಳಸುತ್ತಿರೋದೇ ಕಡಿಮೆ.

ವಯಸ್ಸು: ಹೂವು ಉದುರಿದ ಮೇಲೆ ಮೊದಲು ಹೀಚು. ಎಳೆಯ ಮಾವಾದರೆ ಮಿಡಿ. ಬಲಿತರೆ ಕಾಯಿ. ಇನ್ನೂ ಪೂರ್ತಿ ಹಣ್ಣಾಗದೆ, ಪೂರ್ತಿ ಕಾಯಿಯೂ ಅಲ್ಲದೆ ನಡುವೆ ಇದ್ದರೆ ದೋರೆಗಾಯಿ. ಆಮೇಲೆ ಹಣ್ಣು. ತೀರಾ ಹಣ್ಣಾದರೆ ಕಳಿತ ಹಣ್ಣು. ಇಂಗ್ಲಿಷ್‌ನಲ್ಲಿ ಹಸಿರಾಗಿದ್ದರೂ ಹಳದಿಯಾದರೂ ಮ್ಯಾಂಗೋ ಮ್ಯಾಂಗೋನೇ. ಕನ್ನಡದಲ್ಲಿ ಮಾವಿನಕಾಯಿ ಬೇರೆ, ಮಾವಿನಹಣ್ಣು ಬೇರೆ. ಒಂದರಿಂದ ಚಿತ್ರಾನ್ನ, ಇನ್ನೊಂದರಿಂದ ಸೀಕರಣೆ!

ಅಂಗಾಂಗ: ಮರಕ್ಕೆ ಅಂಟಿಕೊಂಡಿರೋದು ತೊಟ್ಟು. ಹೊರಗೆ ಸಿಪ್ಪೆ, ಒಳಗೆ ತಿರುಳು. ಕಿತ್ತಳೆಯಲ್ಲೂ ಹಲಸಿನಲ್ಲೂ ತೊಳೆ. ಮಾವಿನ ನಡುವೆ ಓಟೆ. ಕಿತ್ತಾಗ ತೊಟ್ಟಿನಿಂದ ಸುರಿಯೋದು ಸೊನೆ. ಹಲಸಿನಲ್ಲಿ ಕೈಗೆ ಅಂಟೋದು ಮೇಣ.

ಕೆಲಸ: ಬಾಳೆ ಸುಲಿಯುತ್ತೇವೆ, ದಾಳಿಂಬೆ ಬಿಡಿಸುತ್ತೇವೆ, ಸೇಬು ಹೆಚ್ಚುತ್ತೇವೆ, ಓಟೆ ಚೀಪುತ್ತೇವೆ.

ರುಚಿ: ಸಿಹಿ, ಹುಳಿ, ಕಹಿ, ಖಾರ, ಉಪ್ಪು ಎಲ್ಲರಿಗೂ ಗೊತ್ತು. ಒಗರು ಗೊತ್ತಾ? ಬಾಳೆಕಾಯಿ ಕಚ್ಚಿದರೆ, ನೆಲ್ಲಿಕಾಯಿ ತಿಂದರೆ ನಾಲಿಗೆ ಹಿಡಿದುಕೊಂಡ ಹಾಗಾಗುತ್ತಲ್ಲ, ಅದು. ನಿಮ್ಮ ಇಂಗ್ಲಿಷ್ ಶಾಲೆಯಲ್ಲಿ ಮಕ್ಕಳು ಆಟದ ಮೈದಾನದಲ್ಲಿ ಆಡುವ ಮಾತಿನಲ್ಲಿ ಇದಕ್ಕೆ ಒಂದು ಪದ ಹುಡುಕಿ ನೋಡೋಣ! ಯಾವ ರುಚಿಯೂ ಇಲ್ಲದಿದ್ದರೆ ಸಪ್ಪೆ.

ಸ್ಪರ್ಶ: ನುಣುಪು, ತರಿತರಿ, ಜಿಗುಟು, ಮೆತ್ತಗೆ, ಗಟ್ಟಿ.

ಇನ್ನೊಂದು ಪ್ರಶ್ನೆಯನ್ನು ಮರೆಯಬೇಡಿ: ಇದನ್ನು ಯಾರು ತಿನ್ನುತ್ತಾರೆ? ಗಿಡಕ್ಕೆ ಕಾಲಿಲ್ಲ, ನಡೆಯೋಕಾಗಲ್ಲ. ತನ್ನ ಮಕ್ಕಳನ್ನು, ಅಂದರೆ ಬೀಜಗಳನ್ನು, ದೂರ ಕಳಿಸಬೇಕು. ಅದಕ್ಕೇ ಹಕ್ಕಿಗೆ, ಕೋತಿಗೆ, ಬಾವಲಿಗೆ ಸಿಹಿ ತಿರುಳು ಕೊಡುತ್ತೆ. ಹಣ್ಣು ಅಂದರೆ ಬೀಜದ ಬಸ್ ಚಾರ್ಜು! ಬೀಜ ಇನ್ನೂ ಬಲಿಯದಿದ್ದಾಗ ಕಾಯಿ ಹುಳಿ, ಒಗರು. ಅಂದರೆ ‘ಬಸ್ಸು ಇನ್ನೂ ಹೊರಟಿಲ್ಲ, ಹತ್ತಬೇಡಿ’ ಅಂತ. ಆದ್ದರಿಂದ ನೀವು ಬೇರೆ ಗ್ರಹದ ಹಣ್ಣು ಕಲ್ಪಿಸಿಕೊಂಡರೆ ಅದನ್ನು ತಿಂದು ಬೀಜ ಒಯ್ಯುವ ಪ್ರಾಣಿಯನ್ನೂ ಕಲ್ಪಿಸಿಕೊಳ್ಳಬೇಕು.

5. ಮಾದರಿ

ಕೆಳಗಿನದು ತರಗತಿಯಲ್ಲಿ ಎಲ್ಲರೂ ಸೇರಿ ಬರೆದದ್ದು. ಇದು ಕಾರ್ಟೂನಿನಲ್ಲಿಲ್ಲ, ನಮ್ಮದೇ ಕಲ್ಪನೆ.

‘ಮೇಲೂರ ಹಣ್ಣು ನಮ್ಮ ಗ್ರಹದಲ್ಲಿ ಬೆಳೆಯುವುದಿಲ್ಲ. ಹೀಚಾಗಿದ್ದಾಗ ನೀಲಿ, ಕಾಯಿ ಆದಾಗ ಹಸಿರು. ದೋರೆಗಾಯಿ ಆದಾಗ ರಾತ್ರಿ ಮಿಣುಕುತ್ತದೆ. ಹಣ್ಣಾದರೆ ಕಿತ್ತಳೆ ಬಣ್ಣ. ಸಿಪ್ಪೆ ತರಿತರಿ, ಅಜ್ಜನ ಗಡ್ಡದ ಹಾಗೆ. ಒಳಗೆ ಏಳು ತೊಳೆ. ಮೊದಲ ತೊಳೆ ಹುಳಿ, ಕೊನೆಯದು ಸಿಹಿ. ನಡುವೆ ನಿಲ್ಲಿಸಿದರೆ ಬಾಯಿ ಒಗರು. ಆದ್ದರಿಂದ ಇದನ್ನು ಒಬ್ಬರೇ ತಿನ್ನಬೇಕು ಅಥವಾ ಏಳು ಜನ ಜಗಳ ಆಡಬೇಕು. ಇದರ ಬೀಜವನ್ನು ಎರಡು ಬಾಲದ ಬಾವಲಿ ಒಯ್ಯುತ್ತದೆ.’

ಕೊನೆಯಲ್ಲಿ ಒಂದು ಮಾತು. ಒಂದು ಸಾಲು ಬರೆದು ನಿಲ್ಲಿಸಿದ್ದ ಆ ಹುಡುಗ ಈ ಸಲ ಒಂದೂವರೆ ಪುಟ ಬರೆದ. ಒತ್ತಕ್ಷರ ಹನ್ನೆರಡು ಕಡೆ ತಪ್ಪಿತ್ತು. ನಾನು ಮೂರನ್ನು ಮಾತ್ರ ತಿದ್ದಿದೆ. ಅವನ ಬರಹದಲ್ಲಿ ಒಂದು ಕಡೆ, ನಾನು ತರಗತಿಯಲ್ಲಿ ಹೇಳಿಕೊಡದ ‘ನೀರೂರಿತು’ ಎಂಬ ಪದ ಇತ್ತು. ಯಾರು ಹೇಳಿಕೊಟ್ಟರು ಎಂದು ಕೇಳಿದೆ. ‘ಅಜ್ಜಿ’ ಅಂದ. ಫೋನಿನಲ್ಲಿ ಅಜ್ಜಿಗೆ ಇಡೀ ಕಥೆ ಹೇಳಿದನಂತೆ, ನಡುನಡುವೆ ಇಂಗ್ಲಿಷ್ ಸೇರಿಸಿ. ಅಜ್ಜಿ ಎಲ್ಲ ಕೇಳಿ ‘ಆ ರೈತನ ಜಮೀನು ವಾಪಸ್ ಸಿಕ್ತೇನೋ?’ ಅಂತ ಕೇಳಿದರಂತೆ. ಇಷ್ಟು ದಿನ ಕಥೆ ಹೇಳಿದವರಲ್ಲಿ ಆ ಪ್ರಶ್ನೆ ಕೇಳಿದ್ದು ಅವರೊಬ್ಬರೇ.

ಪದಗಳ ಅರ್ಥ

ತಾಕೀತು: ಗಟ್ಟಿಯಾಗಿ ಹೇಳಿದ ಎಚ್ಚರಿಕೆ
ನೆಂಟಸ್ತಿಕೆ: ಸಂಬಂಧ
ಪರಿಷೆ: ಜಾತ್ರೆ
ದೋರೆಗಾಯಿ: ಅರ್ಧ ಹಣ್ಣಾದ ಕಾಯಿ
ಲೋಳೆ: ಅಂಟಂಟಾದ ನೀರು ನೀರು ತಿರುಳು
ಸೀಕರಣೆ: ಹಣ್ಣಿಗೆ ಹಾಲು, ಬೆಲ್ಲ ಅಥವಾ ಸಕ್ಕರೆ ಹಾಕಿ ಮಾಡುವ ಸಿಹಿ

ಅಭ್ಯಾಸ

ಅ. ಒಂದೆರಡು ವಾಕ್ಯದಲ್ಲಿ ಉತ್ತರಿಸಿ.
1. ಹೇರಾ ಪಟ್ಟಿಯಲ್ಲಿ ಆ ಹಣ್ಣನ್ನು ಯಾಕೆ ಸೇರಿಸಿದಳು?
2. ಕಿವಾನೊ ಮತ್ತು ಸೌತೆಕಾಯಿಗೆ ಏನು ಸಂಬಂಧ?
3. ರಾನ್ಸಮ್ ಎರಡನೇ ಹಣ್ಣನ್ನು ಯಾಕೆ ಕೀಳಲಿಲ್ಲ? ನೀವಾಗಿದ್ದರೆ?

ಆ. ಬಿಡಿಸಿ ಬರೆಯಿರಿ.
ಮೇಲೂರು, ಊರಿಂದ, ನೀರೂರಿತು, ಮಾತಿಲ್ಲ

ಇ. ಹೆಸರಿಡಿ.
ಕರಾವಳಿಯ ಕಡೆ ಸೌತೆಕಾಯಿಗೇ ‘ಮುಳ್ಳುಸೌತೆ’ ಎನ್ನುತ್ತಾರೆ. ಹಾಗಾಗಿ ಕಿವಾನೊಗೆ ಆ ಹೆಸರು ಸಿಗಲ್ಲ! ಮೇಲೆ ಹೇಳಿದ ಮೂರು ದಾರಿಗಳಲ್ಲಿ ಒಂದೊಂದನ್ನೂ ಬಳಸಿ ಕಿವಾನೊಗೆ ಮೂರು ಕನ್ನಡ ಹೆಸರು ಕೊಡಿ. (ನನ್ನದು: ಕೊಂಬುಸೌತೆ.)

ಈ. ಬರೆಯಿರಿ.
ನಿಮ್ಮದೇ ಗ್ರಹದ ಒಂದು ಹಣ್ಣನ್ನು ಕಲ್ಪಿಸಿಕೊಳ್ಳಿ. ಹೆಸರು, ವಯಸ್ಸು, ಅಂಗಾಂಗ, ರುಚಿ, ಬೀಜ ಒಯ್ಯುವ ಪ್ರಾಣಿ, ಇವು ಐದೂ ಇರಲಿ. ಚಿತ್ರವನ್ನೂ ಬಿಡಿಸಿ.

ಅಪ್ಪ ಅಮ್ಮಂದಿರಿಗೆ

ಮಕ್ಕಳು ಇದನ್ನು ಬರೆಯುವಾಗ ಪದ ಸಿಗದೆ ನಿಂತರೆ ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯಲಿ, ಬಿಡಿ. ಆಮೇಲೆ ಕೂತು ಬದಲಾಯಿಸಬಹುದು. ಊರಿನಲ್ಲಿ ಅಜ್ಜಿ ತಾತ ಇದ್ದರೆ ಫೋನ್ ಮಾಡಿ, ಅವರ ಕಡೆ ದೋರೆಗಾಯಿಗೆ, ಓಟೆಗೆ ಏನೆನ್ನುತ್ತಾರೆ ಎಂದು ಮಕ್ಕಳಿಂದಲೇ ಕೇಳಿಸಿ. ಸೀಬೆ, ಪೇರಳೆ, ಚೇಪೆ ಮೂರೂ ಒಂದೇ ಹಣ್ಣಾದ ಹಾಗೆ, ನಿಮ್ಮ ಮನೆಯ ಪದ ಪಕ್ಕದ ಮನೆಯದಕ್ಕಿಂತ ಬೇರೆ ಇರಬಹುದು. ಎರಡೂ ಸರಿ. ಮತ್ತೆ ಒಂದು ಸಣ್ಣ ಕೋರಿಕೆ: ಮಗು ತನಗಿಷ್ಟವಾದ ಕಾರ್ಟೂನಿನ ಬಗ್ಗೆ ತಪ್ಪು ಕನ್ನಡದಲ್ಲಿ ಮಾತಾಡಿದರೆ, ಮೊದಲು ಕಥೆ ಕೇಳಿ. ತಿದ್ದುವುದು ಆಮೇಲೆ.

ಬರೆದದ್ದನ್ನು ಹೊಸ ಟರ್ಮ್‌ನ ಮೊದಲ ಶನಿವಾರ ತನ್ನಿ, ಮಕ್ಕಳೇ. ಗೋಡೆಯ ಮೇಲೆ ಒಂದು ಹಣ್ಣಿನ ಅಂಗಡಿ ತೆರೆಯೋಣ. ಕೆಂಪು ಪೆನ್ನನ್ನು ನಾನು ಮನೆಯಲ್ಲೇ ಬಿಟ್ಟು ಬರುತ್ತೇನೆ.